21 ಅಡಿಯಿಂದ 36 ಅಡಿಗೆ: ಹಳೆಯ ಕ್ರೂಸರ್ ಬೋಟ್ ಕೊಂಡವರು ಸ್ವಲ್ಪ ಹೇಳಿ

ನಮಸ್ಕಾರ. ನಾವು ಧಾರವಾಡದವರು, ಪುಣೆಯಲ್ಲಿ ಇದ್ದೇವೆ. ಗೋವಾದಲ್ಲಿ 21 ಅಡಿಯ ತೆರೆದ ಬೋಟ್ ಇಟ್ಟಿದ್ದೇವೆ, ಒಂದೇ ಔಟ್‌ಬೋರ್ಡ್ ಎಂಜಿನ್. ನಾಲ್ಕು ವರ್ಷದಿಂದ ಮಾಂಡವಿ ನದಿಯಲ್ಲಿ ಓಡಿಸುತ್ತಿದ್ದೇವೆ. ಬೆಳಿಗ್ಗೆ ಹೋಗಿ ಸಂಜೆ ವಾಪಸ್, ಅಷ್ಟೇ. ಮಕ್ಕಳಿಗೆ ಈಗ 9 ಮತ್ತು 12 ವರ್ಷ. ರಜೆಯಲ್ಲಿ ನಾಲ್ಕೈದು ದಿನ ಬೋಟಿನಲ್ಲೇ ಇರಬೇಕು ಅಂತ ಆಸೆ. ಅಮ್ಮನೂ ಬರುತ್ತಾರೆ.

ಮುಂಬೈಯಲ್ಲಿ 36 ಅಡಿಯದ್ದೊಂದು ಸಿಕ್ಕಿದೆ. 2007ರದ್ದು, ವಿದೇಶದಲ್ಲಿ ಕಟ್ಟಿದ್ದು. ಮೇಲೆ ಫ್ಲೈಬ್ರಿಜ್ (ಕ್ಯಾಬಿನ್ನಿನ ಚಾವಣಿ ಮೇಲೆ ಕೂತು ಬೋಟ್ ಓಡಿಸುವ ಜಾಗ), 200 ಎಚ್‌ಪಿಯ ಎರಡು ಡೀಸೆಲ್ ಎಂಜಿನ್, ಆರು ಜನ ಮಲಗಬಹುದು ಅನ್ನುತ್ತಾರೆ. ಎಂಜಿನ್ ಬರೀ 420 ಗಂಟೆ ಓಡಿದೆಯಂತೆ. ಈಗ ಜುಲೈ, ಬೋಟ್ ದಡದಲ್ಲಿ ಟಾರ್ಪಾಲಿನ್ ಕೆಳಗೆ ಇದೆ. ಚೌತಿಯೊಳಗೆ ಪೂರ್ತಿ ಹಣ ಕೊಟ್ಟರೆ ಬೆಲೆ ಇಳಿಸುತ್ತಾರಂತೆ. ತಗೋಬಹುದಾ? ಏನೇನು ನೋಡಬೇಕು?

ಪಣಜಿಯಿಂದ

ಸರ್, ಮೊದಲು ಒಂದು ಮಾತು. ಚೌತಿಯೊಳಗೆ ಪೂರ್ತಿ ಹಣ ಕೊಡಬೇಡಿ. ಜುಲೈಯಲ್ಲಿ ಬೋಟನ್ನು ಸಮುದ್ರಕ್ಕೆ ಇಳಿಸಿ ಓಡಿಸಿ ನೋಡಲು ಆಗುವುದಿಲ್ಲ. ಮೀನುಗಾರರ ಯಾಂತ್ರಿಕ ಬೋಟುಗಳೇ ಜೂನ್ 1ರಿಂದ ಜುಲೈ 31ರವರೆಗೆ ಕಟ್ಟಿ ಹಾಕಿರುತ್ತವೆ. ಓಡಿಸದೆ ಎಂಜಿನ್ ಕೊಳ್ಳುವುದು ಅಂದ್ರೆ ಹುಡುಗಿ ನೋಡದೆ ತಾಂಬೂಲ ಬದಲಾಯಿಸಿದ ಹಾಗೆ.

ಆದರೆ ಈ ತಿಂಗಳಿನದ್ದೇ ಒಂದು ಲಾಭವೂ ಇದೆ. ಬೋಟ್ ನೀರಿನಿಂದ ಹೊರಗಿದೆ, ಹೊಟ್ಟೆ ಕಾಣುತ್ತದೆ. ಹಾಗಾಗಿ ಎರಡು ಕಂತಿನಲ್ಲಿ ಮಾಡಿ. ಈಗ ಸಣ್ಣ ಟೋಕನ್ ಕೊಟ್ಟು ಹೊಟ್ಟೆ ಪರೀಕ್ಷೆ ಮಾಡಿಸಿ. ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ ನೀರಿಗೆ ಇಳಿಸಿ ಓಡಿಸಿದ ನಂತರ ಬಾಕಿ ಹಣ. ಇದನ್ನು ಕಾಗದದಲ್ಲಿ ಬರೆಸಿ.

ಹೊಟ್ಟೆ ಅಂದೆನಲ್ಲ, ಅದು ಫೈಬರ್. ವರ್ಷಗಟ್ಟಲೆ ಬೆಚ್ಚಗಿನ ನೀರಿನಲ್ಲಿ ನಿಂತರೆ ಫೈಬರ್ ಒಳಗೆ ನೀರು ಇಳಿದು ಬೊಕ್ಕೆ ಏಳುತ್ತದೆ. ಚುಚ್ಚಿದರೆ ಹುಳಿ ವಾಸನೆಯ ನೀರು ಬರುತ್ತದೆ. ನಾಲ್ಕು ಬೊಕ್ಕೆಗೆ ಹೆದರಬೇಕಿಲ್ಲ, ನೂರು ಇದ್ದರೆ ಯೋಚಿಸಿ. ಸರ್ವೇಯರ್, ಅಂದರೆ ಬೋಟ್ ಪರೀಕ್ಷಿಸಿ ವರದಿ ಕೊಡುವವರು, ತೇವ ಅಳೆಯುವ ಮೀಟರ್ ತರುತ್ತಾರೆ. ಟಾರ್ಪಾಲಿನ್ ಸೋರುತ್ತಿದ್ದರೆ ಮೀಟರ್ ಲೆಕ್ಕ ನಂಬುವ ಹಾಗಿಲ್ಲ. ಡೆಕ್ ಅನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ, ಹಲಸಿನ ಹಣ್ಣು ತಟ್ಟಿದ ಹಾಗೆ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಒಳಗಿನ ಮರ ಕೊಳೆತಲ್ಲಿ ದಬ್ ಅನ್ನುತ್ತದೆ. ಕಂಬಿ, ಕಿಟಕಿ, ಲಂಗರಿನ ಮೋಟಾರ್ ಕೂರಿಸಿದ ಜಾಗಗಳ ಸುತ್ತ ಜಾಸ್ತಿ ತಟ್ಟಿ. ಸ್ಕ್ರೂ ತೂತಿನಿಂದಲೇ ನೀರು ಇಳಿಯುವುದು. ಸರ್ವೇಯರ್ ನಿಮ್ಮವರಾಗಿರಲಿ. ಮಾಲೀಕರು ಕಳಿಸಿದವರು ಬೇಡ.

ಇನ್ನು 420 ಗಂಟೆ. ಇದನ್ನು ಓದಿ ನನಗೆ ನನ್ನದೇ ಕಥೆ ನೆನಪಾಯಿತು. ಆರು ವರ್ಷದ ಹಿಂದೆ 27 ಅಡಿಯದ್ದು ಮಾರಿ 38 ಅಡಿಯದ್ದು ತಗೊಂಡೆ. 'ಸರ್, ಓಡೇ ಇಲ್ಲ' ಅಂದಿದ್ದರು. ನಿಜವಾಗಿಯೂ ಓಡಿರಲಿಲ್ಲ, ಅದೇ ರೋಗ! ನಿಮ್ಮದು 2007ರದ್ದು ಅಂದ್ರೆ ವರ್ಷಕ್ಕೆ 25 ಗಂಟೆಯೂ ಆಗಲಿಲ್ಲ. ನಿಂತ ಎಂಜಿನ್ ಒಳಗಿಂದ ತುಕ್ಕು ಹಿಡಿಯುತ್ತದೆ. ಬೋಟಿನಲ್ಲಿ ಹೊಗೆಯನ್ನು ತಣಿಸಲು ಸಮುದ್ರದ ನೀರನ್ನು ಅದರ ಜತೆ ಬೆರೆಸಿ ಹೊರಗೆ ಬಿಡುತ್ತಾರೆ. ಬೆರೆಯುವ ಜಾಗದ ಲೋಹದ ಬಾಗು ಕೊಳವೆಗೆ ಎಲ್ಬೋ ಅನ್ನುತ್ತಾರೆ. ನನ್ನದು ಹೊರಗಿಂದ ಹೊಸ ಬಣ್ಣ, ಒಳಗೆ ಬಿಸ್ಕತ್ತು. ಎರಡನೇ ತಿಂಗಳಲ್ಲಿ ಉಪ್ಪುನೀರು ವಾಪಸ್ ಸಿಲಿಂಡರಿಗೆ ಇಳಿಯಿತು. ಆ ಎಂಜಿನ್ ಬಿಚ್ಚಿ ಕಟ್ಟಲು ಕೊಟ್ಟ ಹಣ ನೆನೆಸಿಕೊಂಡರೆ ಈಗಲೂ ನಿದ್ದೆ ಬರುವುದಿಲ್ಲ. ಎಲ್ಬೋ ಬಿಚ್ಚಿಸಿ ನೋಡಿ. ಬಿಚ್ಚಲು ಬಿಡದಿದ್ದರೆ ಅದೇ ಉತ್ತರ ಅಂದುಕೊಳ್ಳಿ. 1,500 ಗಂಟೆ ಓಡಿ, ಪ್ರತಿ ಸಲ ಆಯಿಲ್ ಬದಲಾಯಿಸಿದ ಬಿಲ್ ಇರುವ ಎಂಜಿನ್ ಸಿಕ್ಕರೆ ನಾನು ಕಣ್ಣು ಮುಚ್ಚಿ ಅದನ್ನೇ ಆರಿಸುತ್ತೇನೆ.

ಓಡಿಸುವ ದಿನ ನೀವು ಹೋಗುವ ಮೊದಲೇ ಎಂಜಿನ್ ಶುರು ಮಾಡಬೇಡಿ ಅಂತ ಹೇಳಿ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಯಾರೋ ಬೆಳಿಗ್ಗೆಯೇ ಒದ್ದಾಡಿದ್ದಾರೆ ಅಂತ ಅರ್ಥ. ನೀಲಿ ಹೊಗೆ ನಿಲ್ಲದೇ ಬಂದರೆ ಆಯಿಲ್ ಸುಡುತ್ತಿದೆ. ಹೊರಗೆ ಹೋದ ಮೇಲೆ ಪೂರ್ತಿ ಥ್ರಾಟಲ್ ಕೊಡಿಸಿ. ಕಂಪನಿ ಹೇಳಿದ ಆರ್‌ಪಿಎಂ ಮುಟ್ಟಬೇಕು, ಬಿಸಿ ಏರದೆ ಅಲ್ಲೇ ನಿಲ್ಲಬೇಕು. ಮುಟ್ಟದಿದ್ದರೆ ತಳಕ್ಕೆ ಚಿಪ್ಪು ಹಿಡಿದಿರಬಹುದು, ಪ್ರೊಪೆಲ್ಲರ್ ತಪ್ಪಿರಬಹುದು, ಎಂಜಿನ್ನೇ ಸೋತಿರಬಹುದು. ಯಾವುದು ಅಂತ ಗೊತ್ತಾಗುವವರೆಗೆ ಚೆಕ್ ಬರೆಯಬೇಡಿ.

ಡೀಸೆಲ್ ಲೆಕ್ಕ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಡೀಸೆಲ್ ಎಂಜಿನ್ ಒಂದು ಎಚ್‌ಪಿಗೆ ಗಂಟೆಗೆ ಹೆಚ್ಚುಕಡಿಮೆ 0.2 ಲೀಟರ್ ಕುಡಿಯುತ್ತದೆ. ಎರಡೂ ಸೇರಿ 320 ಎಚ್‌ಪಿ ಕೊಡುವ ಹಾಗೆ ಓಡಿಸಿದರೆ ಗಂಟೆಗೆ 60 ಲೀಟರ್ ದಾಟಿತು. 18 ನಾಟ್ ವೇಗ (ಗಂಟೆಗೆ 18 ನಾಟಿಕಲ್ ಮೈಲಿ) ಅಂದುಕೊಂಡರೆ ಒಂದು ನಾಟಿಕಲ್ ಮೈಲಿಗೆ, ಅಂದರೆ 1.85 ಕಿಲೋಮೀಟರಿಗೆ, ಮೂರೂವರೆ ಲೀಟರ್. ಅದೇ 7 ನಾಟ್‌ನಲ್ಲಿ ನಿಧಾನ ಹೋದರೆ ನಮ್ಮದು ಗಂಟೆಗೆ 10 ಲೀಟರ್ ಒಳಗೇ ಮುಗಿಯುತ್ತದೆ. ಈಗ ನಾವು ಎಲ್ಲಾ ಕಡೆ ನಿಧಾನವೇ ಹೋಗುತ್ತೇವೆ. ಮಗ ಎತ್ತಿನಗಾಡಿ ಅಂತ ಹೆಸರಿಟ್ಟಿದ್ದಾನೆ.

ಮತ್ತೆ, 21 ಅಡಿಯದ್ದನ್ನು ಟ್ರೈಲರ್‌ಗೆ ಏರಿಸಿ ಜೀಪಿಗೆ ಕಟ್ಟಿ ತಂದಿರಬೇಕು ಅಲ್ವಾ? ಆ ಸುಖ ಮುಗಿಯಿತು. ಉದ್ದ, ಅಗಲ, ಎತ್ತರ ಮೂರೂ ಒಂದೇ ಲೆಕ್ಕದಲ್ಲಿ ಬೆಳೆದರೆ 36 ಅಡಿಯ ಬೋಟ್ ನಿಮ್ಮದರ 5 ಪಟ್ಟು ಗಾತ್ರ ಆಗುತ್ತದೆ. ಮಳೆಗೆ ಮೊದಲು ಕ್ರೇನಿನಲ್ಲಿ ಎತ್ತಬೇಕು, ಮಳೆ ಮುಗಿದ ಮೇಲೆ ಇಳಿಸಬೇಕು, ನಡುವೆ ಯಾರ್ಡ್ ಬಾಡಿಗೆ. ಎಲ್ಲಿ ಕಟ್ಟುತ್ತೀರಿ, ಎಲ್ಲಿ ಎತ್ತಿ ಇಡುತ್ತೀರಿ ಅನ್ನುವುದು ಬಾಯಿಮಾತಲ್ಲಿ ಅಲ್ಲ, ಕಾಗದದಲ್ಲಿ ಖಾತ್ರಿಯಾದ ಮೇಲೆ ಬೋಟ್ ಹುಡುಕಿ. ನಾನು ಉಲ್ಟಾ ಮಾಡಿದೆ. ಮೇ ಕೊನೆಯಲ್ಲಿ ಆಕಾಶ ಕಪ್ಪಾಗುತ್ತಿದ್ದಾಗ ಯಾರ್ಡ್ ಯಾರ್ಡ್ ಅಲೆದೆ.

ಮುಂಬೈ, ಮುಲುಂಡಿನಿಂದ

ಅವರು ಎಂಜಿನ್ ಬಗ್ಗೆ ಎಲ್ಲಾ ಹೇಳಿದ್ದಾರೆ. ನಾನು ಕಾಗದ ಮತ್ತು ದಾರಿ ಬಗ್ಗೆ ಹೇಳುತ್ತೇನೆ ಮಾರಾಯ್ರೆ.

ವಿದೇಶದ ಬೋಟ್ ಅಂದ್ರಿ. ಕಸ್ಟಮ್ಸ್ ಸುಂಕ ಕಟ್ಟಿದ ಬಿಲ್ ಆಫ್ ಎಂಟ್ರಿ ಕೇಳಿ. ಬೋಟಿನ ಮೈಮೇಲಿನ ನಂಬರ್, ಎರಡೂ ಎಂಜಿನ್ ನಂಬರ್ ಕಾಗದದ ಜತೆ ನೀವೇ ತಾಳೆ ನೋಡಿ. ಸಾಲ ಬಾಕಿ ಇದೆಯಾ ಕೇಳಿ. ಈಗ 2021ರ ಒಳನಾಡು ಹಡಗು ಕಾಯ್ದೆ ಬಂದಿದೆ, 1917ರ ಹಳೆಯದು ಹೋಗಿದೆ. ಹಾಗಾಗಿ ಗೋವಾಕ್ಕೆ ತಂದ ಮೇಲೆ ಏನೇನು ಮಾಡಿಸಬೇಕು ಅಂತ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ವಿಮೆಯವರಿಗೆ ಎರಡು ಪ್ರಶ್ನೆ: ಇಷ್ಟು ಹಳೆ ಬೋಟಿಗೆ ಯಾವ ಸರ್ವೆ ವರದಿ ಬೇಕು, ಮಳೆಗಾಲದಲ್ಲಿ ನೀರಲ್ಲಿದ್ದರೆ ಕ್ಲೇಮ್ ಸಿಗುತ್ತದಾ.

ಇನ್ನು ಮುಂಬೈಯಿಂದ ಗೋವಾಕ್ಕೆ ತರುವುದು. ಇನ್ನೂರು ನಾಟಿಕಲ್ ಮೈಲಿಗೂ ಜಾಸ್ತಿ ದಾರಿ. ಹೊಸದಾಗಿ ಕೊಂಡ ಖುಷಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಡಬೇಡಿ. ಗುರುತು ಪರಿಚಯ ಇಲ್ಲದ ಬೋಟ್ ಅದು. ಕೊಂಕಣ ಕರಾವಳಿ ಗೊತ್ತಿರುವ ಒಬ್ಬ ತಾಂಡೇಲ (ಬೋಟ್ ನಡೆಸುವವನು), ಒಬ್ಬ ಮೆಕ್ಯಾನಿಕ್, ನೀವು. ಮೂರೇ ಜನ ಸಾಕು. ಜೈಗಡ, ರತ್ನಾಗಿರಿ, ವಿಜಯದುರ್ಗ ಹೀಗೆ ನಿಂತು ನಿಂತು ಬನ್ನಿ. ಬೆಳಿಗ್ಗೆ ಸಮುದ್ರ ತಟ್ಟೆಯ ಹಾಗಿರುತ್ತದೆ. ಮಧ್ಯಾಹ್ನ ವಾಯವ್ಯದ ಗಾಳಿ ಎದ್ದರೆ ಅಲೆ ಕುಟ್ಟಲು ಶುರು. ನಾವು 6 ಗಂಟೆಗೆ ಹೊರಟು 11ರೊಳಗೆ ಲಂಗರು ಹಾಕುತ್ತಿದ್ದೆವು. ಟ್ಯಾಂಕಿನ ತಳದ ಹಳೆ ಡೀಸೆಲ್ ಮೊದಲೇ ತೆಗೆಸಿ, ಫಿಲ್ಟರ್ ನಾಲ್ಕು ಜಾಸ್ತಿ ಇಟ್ಟುಕೊಳ್ಳಿ. ನಿಂತ ಬೋಟಿನ ಟ್ಯಾಂಕಿನಲ್ಲಿ ಕೆಸರು ಇದ್ದೇ ಇರುತ್ತದೆ, ಅಲೆಗೆ ಕುಲುಕಿದಾಗ ಅದು ಏಳುತ್ತದೆ. ವಿಎಚ್‌ಎಫ್ ರೇಡಿಯೋ ಚಾನೆಲ್ 16ರಲ್ಲಿ ಇರಲಿ, ಆಪತ್ತಿನ ಕರೆಗೆ ಇರುವುದು ಅದೇ. ಕೋಸ್ಟ್ ಗಾರ್ಡ್ ನಂಬರ್ 1554.

ಇಲ್ಲೇ ಇಡುತ್ತೇನೆ ಅಂದರೆ ಅದು ಬೇರೆ ಕಥೆ. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ನೀರು 4 ಮೀಟರಿಗೂ ಜಾಸ್ತಿ ಏರಿಳಿಯುತ್ತದೆ. ಗೇಟ್‌ವೇ ಎದುರು ನೀರಲ್ಲೇ ಬೋಟ್ ಕಟ್ಟಿ, ಸಣ್ಣ ದೋಣಿಯಲ್ಲಿ ಹೋಗಿ ಹತ್ತಬೇಕು. ನಿಮ್ಮ ಅಮ್ಮನಿಗೆ ಇಳಿತದ ಹೊತ್ತಿಗೆ ಆ ಪಾಚಿ ಹಿಡಿದ ಮೆಟ್ಟಿಲು ಕಷ್ಟ. 2024ರ ಡಿಸೆಂಬರ್ 18ರಂದು ಎಲಿಫೆಂಟಾ ದಾರಿಯಲ್ಲಿ ನೌಕಾಪಡೆಯ ಬೋಟ್ ಪ್ರಯಾಣಿಕರ ಬೋಟಿಗೆ ಗುದ್ದಿದ ಅಪಘಾತದ ನಂತರ ನಮ್ಮ ಮನೆಯಲ್ಲಿ ಲೈಫ್ ಜಾಕೆಟ್ ಇಲ್ಲದೆ ಯಾರೂ ಡೆಕ್ ಮೇಲೆ ಕೂರುವುದಿಲ್ಲ. ನಾನೂ ಕೂಡ.

ವಾಸ್ಕೋದಿಂದ

ಗಂಡಸರು ಎಂಜಿನ್ ಬಿಚ್ಚಿ ಜೋಡಿಸಿದ್ದಾಯಿತು. ಒಳಗೆ ಬದುಕುವವರ ಕಡೆಯಿಂದ ನಾನು ಹೇಳುತ್ತೇನೆ. ನಮ್ಮದು 34 ಅಡಿ, ಐದು ಜನ.

'ಆರು ಜನ ಮಲಗಬಹುದು' ಅಂದರೆ ಇಬ್ಬರು ಊಟದ ಟೇಬಲ್ ಇಳಿಸಿ ಅದರ ಮೇಲೆ ಮಲಗಬೇಕು. ಉಳಿದವರ ಹರಟೆ ಮುಗಿಯುವವರೆಗೆ ಅವರಿಗೆ ಹಾಸಿಗೆ ಇಲ್ಲ. ಬೆಳಿಗ್ಗೆ ಅವರು ಏಳುವವರೆಗೆ ಯಾರಿಗೂ ಕಾಫಿ ಇಲ್ಲ. ಬೋಟ್ ನೋಡಲು ಹೋದಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಜೆಟ್ಟಿಯಿಂದ ಕಾಲಿಡುವ ಎತ್ತರ, ಕೆಳಗೆ ಇಳಿಯುವ ಮೆಟ್ಟಿಲು, ಟಾಯ್ಲೆಟ್ಟಿನಲ್ಲಿ ಕೂತು ಏಳುವುದು, ಮೂರನ್ನೂ ಅವರೇ ಮಾಡಿ ನೋಡಲಿ. ಒಂದೇ ಟಾಯ್ಲೆಟ್ ಇದ್ದರೆ ಹೊಲಸು ತುಂಬುವ ಟ್ಯಾಂಕ್ ಎಷ್ಟು ಲೀಟರ್, ಎಲ್ಲಿ ಖಾಲಿ ಮಾಡಿಸುತ್ತಾರೆ ಕೇಳಿ.

ನೀರು! ನಮ್ಮ ಟ್ಯಾಂಕ್ 300 ಲೀಟರ್. ಮಕ್ಕಳು ಮನೆಯ ಹಾಗೆ ಸ್ನಾನ ಮಾಡಿದರೆ ಎರಡನೇ ದಿನಕ್ಕೆ ಖಾಲಿ. ಈಗ ತಲಾ ಒಂದು ಬಕೆಟ್, ಅಷ್ಟೇ. ಮೊದಲ ರಜೆಯಲ್ಲಿ ನಾನು ಇಡ್ಲಿ ಪಾತ್ರೆ ಒಯ್ದಿದ್ದೆ. ಎ.ಸಿ. ಹಾಕಿ ಮುಚ್ಚಿದ ಕ್ಯಾಬಿನ್ನಿನಲ್ಲಿ ಇಡ್ಲಿ ಬೇಯಿಸಿದರೆ ಗೋಡೆಯೆಲ್ಲಾ ಬೆವರುತ್ತದೆ, ಮಲಗುವ ಹಾಸಿಗೆಯೂ ಒದ್ದೆ. ಆಮೇಲೆ ಅವಲಕ್ಕಿ, ಚಪಾತಿ, ಮನೆಯಿಂದ ತಂದ ಚಟ್ನಿಪುಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಬೋಟಿನ ತಳಕ್ಕೆ ಹೋಗಿ ಕೂರುತ್ತದೆ. ಕೆಳಗೆ ಅಲಾರಂ ಹಾಕಿಸಿ. ಎ.ಸಿ. ಬೇಕೆಂದರೆ ರಾತ್ರಿಯಿಡೀ ಜನರೇಟರ್ ಓಡಬೇಕು. ಹಾಗಾಗಿ ಹೊಗೆಗೂ ಒಂದು ಅಲಾರಂ, ಕಾರ್ಬನ್ ಮಾನಾಕ್ಸೈಡ್‌ದು. ಮೇ ರಜೆ ನಾವು ಬಿಟ್ಟೇಬಿಟ್ಟೆವು. ಡಿಸೆಂಬರಿನಲ್ಲಿ ಕಿಟಕಿ ತೆಗೆದು ಸೊಳ್ಳೆ ಪರದೆ ಕಟ್ಟಿದರೆ ಸಾಕು.

ಫ್ಲೈಬ್ರಿಜ್ ಬಗ್ಗೆ ಮಕ್ಕಳಿಗೆ ಹುಚ್ಚು. ಆದರೆ ಮೇಲೆ ಹೋದಷ್ಟೂ ತೂಗಾಟ ಜಾಸ್ತಿ, ನಮ್ಮ ಮಗಳು ಅಲ್ಲೇ ವಾಂತಿ ಮಾಡಿಕೊಂಡಳು. ಎತ್ತರದ ಬೋಟಿಗೆ ಸೇತುವೆಯೂ ತೊಡಕು. ಕುಂಬಾರಜುವಾ ಕಾಲುವೆಯಲ್ಲಿ ಮಾಂಡವಿಯಿಂದ ಜುವಾರಿಗೆ ಹೋಗುವ ಆಸೆ ಇದ್ದರೆ ನಿಮ್ಮ ಬೋಟಿನ ಎತ್ತರ ಟೇಪು ಹಿಡಿದು ಅಳೆಯಿರಿ. ಭರತದ ಹೊತ್ತಿಗೆ ಸೇತುವೆ ಕೆಳಗೆ ಎಷ್ಟು ಜಾಗ ಇರುತ್ತದೆ ಅಂತ ಅಲ್ಲಿಯವರನ್ನು ಕೇಳಿ. ಆ ಕಾಲುವೆಯಲ್ಲಿ ಮೊಸಳೆ ಇವೆ. ಮಕ್ಕಳನ್ನು ಈಜಲು ಬಿಡಬೇಡಿ.

ನನ್ನನ್ನು ಕೇಳಿದರೆ ಕೊಳ್ಳುವ ಮೊದಲು ಇಂಥದ್ದೇ ಬೋಟ್ ಎರಡು ರಾತ್ರಿ ಬಾಡಿಗೆಗೆ ತಗೊಳ್ಳಿ. ಒಂದು ರಾತ್ರಿ ಸಾಲದು. ಮೊದಲ ರಾತ್ರಿ ಎಲ್ಲರಿಗೂ ಖುಷಿಯೇ.

ಕೇಳಿದವರು ಮತ್ತೆ

ಎಲ್ಲರಿಗೂ ಧನ್ಯವಾದ. ನಿನ್ನೆ ಮಾಲೀಕರಿಗೆ ಫೋನ್ ಮಾಡಿ ಟೋಕನ್ ಈಗ, ಬಾಕಿ ಅಕ್ಟೋಬರಿನಲ್ಲಿ ಓಡಿಸಿದ ಮೇಲೆ ಅಂದೆ. ಒಪ್ಪುವ ಹಾಗೆ ಕಂಡರು. ಎಲ್ಬೋ ಬಿಚ್ಚಬೇಕು ಅಂದಾಗ ಮಾತು ನಿಂತಿತು. ಬೇರೆ ಪಾರ್ಟಿ ನೋಡಲು ಬರುತ್ತಿದ್ದಾರಂತೆ, ಶನಿವಾರ ತಿಳಿಸುತ್ತಾರಂತೆ. ವಾಸ್ಕೋದ ಮೇಡಂ, ಡಿಸೆಂಬರಿಗೆ ಎರಡು ರಾತ್ರಿ ಬಾಡಿಗೆ ಬೋಟ್ ಹುಡುಕುತ್ತಿದ್ದೇನೆ. ಅಮ್ಮ ಈಗಲೇ ಇಡ್ಲಿ ಪಾತ್ರೆ ತೊಳೆದು ಇಟ್ಟಿದ್ದಾರೆ, ಅವರಿಗೆ ಹೇಗೆ ಹೇಳಲಿ?

ವಾಸ್ಕೋದಿಂದ

ತರಲಿ ಬಿಡಿ. ಹಿಂದಿನ ಡೆಕ್ ಮೇಲೆ, ಬೋಟ್ ಕಟ್ಟಿ ನಿಂತಾಗ, ಕರೆಂಟ್ ಒಲೆಯಲ್ಲಿ ಬೇಯಿಸಿ. ಹಿಟ್ಟಿನ ಡಬ್ಬಿ ಮಾತ್ರ ಅರ್ಧ ತುಂಬಿಸಿ, ಇಲ್ಲಿಯ ಸೆಕೆಗೆ ಬೇಗ ಉಕ್ಕುತ್ತದೆ.