ಅಪ್‌ಡೇಟ್: ಬಡ್ತಿ ತಪ್ಪಿದ ವಿಷಯದಲ್ಲಿ ಈವರೆಗೆ ಆಗಿದ್ದು

ಕಾರವಾರದ ಸರ್ಕಾರಿ ಕಚೇರಿಯೊಂದರಲ್ಲಿ ಜ್ಯೇಷ್ಠತಾ ಪಟ್ಟಿಯಲ್ಲಿ ನನಗಿಂತ ಕೆಳಗಿದ್ದವರಿಗೆ ಬಡ್ತಿ ಸಿಕ್ಕಿದ್ದು, ನಾನು ಯಲ್ಲಾಪುರ ಕಡೆಯ ಸಿದ್ದಿ (ಆಫ್ರಿಕಾ ಮೂಲದ ಸಮುದಾಯದವನು) ಎಂಬ ಕಾರಣಕ್ಕೇ ಇರಬಹುದೇ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ನಿಮ್ಮಲ್ಲಿ ಹಲವರು ಸೂಚಿಸಿದಂತೆ, ಜಗಳಕ್ಕಿಳಿಯದೆ, ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಬಡ್ತಿ ಸಮಿತಿಯ ನಡವಳಿಯ ಪ್ರತಿ ಕೋರಿದೆ. 30 ದಿನಗಳ ಗಡುವು ಮುಗಿಯುವ ಹಿಂದಿನ ದಿನ ನಾಲ್ಕು ಹಾಳೆಗಳು ಕೈಸೇರಿದವು. ನನ್ನ ಹೆಸರಿನೆದುರು ಕಾರ್ಯನಿರ್ವಹಣಾ ವರದಿ 'ಉತ್ತಮ' ಎಂದೇ ಇದೆ. ಷರಾ ಕಾಲಂನಲ್ಲಿ ಮಾತ್ರ 'ಸಾರ್ವಜನಿಕ ಸಂಪರ್ಕದ ಹುದ್ದೆಗೆ ಸೂಕ್ತರಲ್ಲ' ಎಂದು ಬೇರೆ ಶಾಯಿಯಲ್ಲಿ ಬರೆಯಲಾಗಿದೆ. ಏಳು ವರ್ಷ ಕೌಂಟರಿನಲ್ಲಿ ಕುಳಿತು, 'ನೀವು ಯಾವ ದೇಶದವರು?' ಎಂಬ ಪ್ರಶ್ನೆಗೆ ನಗುತ್ತಲೇ ಉತ್ತರಿಸುತ್ತಾ, ಜನರ ಅರ್ಜಿ ಪಡೆದವನು ನಾನೇ.

ವಕೀಲರ ಪ್ರಕಾರ ಈ ಷರಾ ಒಂದರಿಂದಲೇ ಜನಾಂಗೀಯ ತಾರತಮ್ಯ ಸಾಬೀತಾಗದು; ಆದರೆ ಸರ್ಕಾರಿ ಉದ್ಯೋಗದಲ್ಲಿ ಜನಾಂಗ, ಜಾತಿ, ವಂಶದ ಆಧಾರದ ತಾರತಮ್ಯವನ್ನು ನಿಷೇಧಿಸುವ ಸಂವಿಧಾನದ 16(2)ನೇ ವಿಧಿಯನ್ನು ಮುಂದಿಟ್ಟು ವಿವರಣೆ ಕೇಳಲು ಅಷ್ಟು ಸಾಕು. ಜಿಲ್ಲೆಯ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವುದರಿಂದ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗಕ್ಕೂ ದೂರು ಕಳುಹಿಸಿದ್ದೇನೆ. ಇಲಾಖೆಗೆ ಸಲ್ಲಿಸಿದ ಮೇಲ್ಮನವಿಯ ವಿಚಾರಣೆ ಮುಂದಿನ ಸೋಮವಾರ ಇದೆ.