ಸಹಾಯ ಬೇಕು: .22 ರೈಫಲ್‌ಗೆ ಬೆಡ್ಡಿಂಗ್ ಸಾಕಾ, ಸ್ಟಾಕೇ ಬದಲಿಸ್ಬೇಕಾ?

ಎಲ್ರಿಗೂ ನಮಸ್ಕಾರ, ನಾನು ಶಿರಸಿಯವ, 50 ಮೀಟರ್ ಪ್ರೋನ್ (ಮಲಗಿ ಗುರಿ ಹೊಡೆಯೋ ಸ್ಪರ್ಧೆ) ಸಲುವಾಗಿ ಲೈಸೆನ್ಸ್ ಮಾಡ್ಸಿ ತಗೊಂಡ ಮೊದಲ್ನೇ .22 ಬೋಲ್ಟ್ ಆಕ್ಷನ್ ರೈಫಲ್ ಇದು, ಮರದ ಸ್ಟಾಕು (ಬ್ಯಾರಲ್, ಬೋಲ್ಟ್ ಭಾಗ ಕೂರೋ ಚೌಕಟ್ಟು). ಬೇಸಿಗೇಲಿ ಗ್ರೂಪ್ ಚೆನ್ನಾಗೇ ಬರ್ತಿತ್ತು, ಅಂದ್ರೆ ಗುಂಡೆಲ್ಲ ಹತ್ತಿರ ಹತ್ತಿರ ಬೀಳ್ತಿತ್ತು, ನಮ್ಮ ಕಡೆ ಮಳೆ ಹಿಡಿದ್ಮೇಲೆ ಗುಂಡು ಮೇಲೆ ಕೆಳಗೆ ಉದ್ದಕ್ಕೆ ಬೀಳ್ತಾ ಇದೆ, ಗುರಿಯ ನಡುವಿನ ಹತ್ತರ ರಿಂಗ್ ಇರೋದೇ 10.4 ಮಿ.ಮೀ., ಹಿಂಗಾದ್ರೆ ಸ್ಕೋರ್ ಎಲ್ಲಿಂದ ಬರ್ಬೇಕು ಹೇಳಿ. ಬ್ಯಾರಲ್ ಕ್ಲೀನ್ ಮಾಡ್ದೆ, ಬೇರೆ ಲಾಟ್ ಗುಂಡು ಹಾಕ್ದೆ, ಆಕ್ಷನ್ (ಬೋಲ್ಟ್ ಇರೋ ಭಾಗ) ಸ್ಟಾಕಿಗೆ ಹಿಡಿಯೋ ಸ್ಕ್ರೂನ ಟಾರ್ಕ್ ವ್ರೆಂಚಲ್ಲೇ ಅಳತೆ ನೋಡಿ ಬಿಗಿ ಮಾಡ್ದೆ, ಏನೂ ಫರಕ್ಕಿಲ್ಲ. ಮುಂಚೆ ಬ್ಯಾರಲ್ ಕೆಳಗೆ ಕಾಗದ ತೂರ್ಸಿದ್ರೆ ಸಲೀಸಾಗಿ ಹೋಗ್ತಿತ್ತು, ಈಗ ಸ್ಟಾಕಿನ ಮುಂದಿನ ತುದೀಲಿ ಸಿಕ್ಕಾಕೊಳ್ತದೆ, ಮರ ಥಂಡಿಗೆ ಉಬ್ಬಿ ಬ್ಯಾರಲ್‌ಗೆ ತಾಗ್ತಿದೆ ಅಂತ ನನ್ಗೆ ಅನಿಸ್ತದೆ. ಜೊತೆಗೆ ಶೂಟ್ ಮಾಡೋರು ಒಬ್ರು ಮೊದಲು ಟ್ರಿಗರ್ ಬದಲಿಸು ಅಂತಾರೆ, ಇನ್ನೊಬ್ರು ಅಲ್ಯೂಮಿನಿಯಂ ಸ್ಟಾಕ್ ಅಂತಾರೆ, ದುಡ್ಡಿರೋದು ಒಂದಕ್ಕೆ ಮಾತ್ರ. ಮಳೆ ಸೀಮೇಲಿ ಮರದ ಸ್ಟಾಕ್ ಇಟ್ಕೊಂಡೋರು ದಯವಿಟ್ಟು ಹೇಳಿ, ಪಿಲ್ಲರ್ ಬೆಡ್ಡಿಂಗ್ (ಸ್ಕ್ರೂ ಜಾಗದಲ್ಲಿ ಲೋಹದ ಕೊಳವೆ ಕೂರ್ಸಿ ಆಕ್ಷನ್ ಅಲುಗದ ಹಾಗೆ ಮಾಡೋದು) ಮಾಡ್ಸಿ ಮುಂಭಾಗ ಸ್ವಲ್ಪ ಉಜ್ಜಿ ಸೀಲ್ ಮಾಡಿದ್ರೆ ಮುಂದಿನ ಮಳೆಗಾಲಕ್ಕೂ ನಿಲ್ತದಾ, ಇಲ್ಲ ಅಲ್ಯೂಮಿನಿಯಂ ಸ್ಟಾಕಿಗೇ ಹೋಗ್ಬೇಕಾ?