ಅಪ್‌ಡೇಟ್: ಹೊಸ ಫೋನೋ ಪ್ರೀಆಂಪ್ ಪಳಗಿತಾ?

ಹೊಸ ಫೋನೋ ಪ್ರೀಆಂಪ್ (ರೆಕಾರ್ಡ್ ಪ್ಲೇಯರ್‌ನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಪೆಟ್ಟಿಗೆ) ಹಾಕಿದ ಮೇಲೆ ಮೇಲಿನ ಸ್ವರಗಳು ಕಿವಿಗೆ ಚುಚ್ಚುತ್ತಿವೆ, 100 ಗಂಟೆ ಓಡಿಸಿ ಪಳಗಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೆ. ಮೂರು ವಾರ ದಿನವೂ ರೆಕಾರ್ಡ್ ಹಾಕಿದೆ. ಮೊದಲ ಕೆಲವು ದಿನ ಸದ್ದು ಸ್ವಲ್ಪ ಮೆತ್ತಗಾಯಿತು ಅನ್ನಿಸಿತು. ಬಹುಶಃ ನನ್ನ ಕಿವಿಯೇ ಒಗ್ಗಿಕೊಂಡಿರಬೇಕು. ಚುಚ್ಚುವುದು ಮಾತ್ರ ಹೋಗಲಿಲ್ಲ.

ಕಾರಣ ಬೇರೆಯೇ ಇತ್ತು. ಹಿಂಬದಿಯ ಪುಟ್ಟ ಸ್ವಿಚ್‌ಗಳಲ್ಲಿ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) 300 ಪಿಕೋಫ್ಯಾರಡ್‌ಗೆ ಇತ್ತು. ಟೋನ್‌ಆರ್ಮ್ (ಸೂಜಿ ಹಿಡಿದಿರುವ ತೋಳು) ವೈರು, ಕೇಬಲ್ಲು ಸೇರಿದರೆ ಇನ್ನೂ ಜಾಸ್ತಿ, ಅಲ್ವಾ? ನನ್ನದು ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಸೂಜಿಯ ಅಲುಗಾಟವನ್ನು ಸಿಗ್ನಲ್ ಮಾಡುವ ಭಾಗ). ಅದರ ಕಾಯಿಲ್‌ನ ಇಂಡಕ್ಟೆನ್ಸ್ ಈ ಕೆಪಾಸಿಟೆನ್ಸ್ ಜೊತೆ ಸೇರಿ ಮೇಲಿನ ಸ್ವರಗಳಲ್ಲಿ ಒಂದು ಉಬ್ಬು ಎಬ್ಬಿಸುತ್ತದೆ. 100ಕ್ಕೆ ಇಳಿಸಿದೆ. 47 ಕಿಲೋಓಮ್ ಲೋಡ್ (ಕಾರ್ಟ್ರಿಜ್‌ಗೆ ಪ್ರೀಆಂಪ್ ಒಡ್ಡುವ ರೆಸಿಸ್ಟೆನ್ಸ್) ಹಾಗೇ ಬಿಟ್ಟೆ. ಹಾಡುವವರ 'ಸ' ಸೀಳುವುದು ಆಗಲೇ ನಿಂತಿತು! ಸ್ವಿಚ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಇನ್ನೊಂದು ಮಾತು. ಬೇಗ ಪಳಗಲಿ ಅಂತ ಸಿಡಿ ಪ್ಲೇಯರನ್ನು ನೇರವಾಗಿ ಫೋನೋ ಇನ್‌ಪುಟ್‌ಗೆ ಸಿಕ್ಕಿಸಬೇಡಿ. ಅದು ಕೊಡುವುದು ಸುಮಾರು 2 ವೋಲ್ಟ್. ಕಾರ್ಟ್ರಿಜ್ ಕೊಡುವುದು ಕೆಲವೇ ಮಿಲಿವೋಲ್ಟ್. ನಡುವೆ ಉಲ್ಟಾ ಆರ್‌ಐಎಎ ಫಿಲ್ಟರ್ (ಪ್ರೀಆಂಪ್ ಮಾಡುವ ಸ್ವರ ತಿದ್ದುಪಡಿಯನ್ನು ಉಲ್ಟಾ ಮಾಡಿ, ಸಿಗ್ನಲ್ಲನ್ನೂ ತಗ್ಗಿಸುವಂಥದ್ದು) ಬೇಕೇ ಬೇಕು. ನಾನಂತೂ ಸುಮ್ನೆ ರೆಕಾರ್ಡ್ ಕೇಳುತ್ತಿದ್ದೇನೆ.